ಯಾವಾಗ, ಎಲ್ಲಿ, ಹೇಗೆ: ಆಗಿಹೋದ ಮಾತನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯುವುದು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣ. ಮುಂದಿನ ವರ್ಷದ ಅರ್ಜಿದಾರರಿಗೆ ಉಪಯೋಗವಾಗಲೆಂದು ವಾರ್ಷಿಕ ವರದಿಯಲ್ಲಿ ಸೇರಿಸಿದ್ದೇವೆ. ಇಂಗ್ಲಿಷ್ ಅಕ್ಷರ ಬಾರದ ಪಾಲಕರೂ ಮಕ್ಕಳಿಗೆ ಓದಿ ಹೇಳುವಂತೆ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ.)

 

ವೇದಿಕೆಯ ಮೇಲಿರುವ ಹಿರಿಯರೆ, ಟ್ರಸ್ಟಿನ ಪದಾಧಿಕಾರಿಗಳೆ, ದಾನಿಗಳೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದಿರುವ ತಾಯಂದಿರೆ, ತಂದೆಯರೆ, ಪ್ರೀತಿಯ ಮಕ್ಕಳೆ,

ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದರು. ಆ ಮಹತ್ವ ಗೊತ್ತಿಲ್ಲದವರು ಒಂದು ದಿನದ ಕೂಲಿ ಬಿಟ್ಟು ಇಲ್ಲಿಗೆ ಬರುತ್ತಿರಲಿಲ್ಲ. ಅದಕ್ಕಾಗಿ ಹಿರಿಯರ ಅಪ್ಪಣೆ ಪಡೆದು ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇನೆ. ವಿಷಯ ವ್ಯಾಕರಣದ್ದು. ಹೆದರಬೇಡಿ, ಪರೀಕ್ಷೆ ಇಲ್ಲ.

ನಮ್ಮ ಅರ್ಜಿಯ ಜೊತೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಬಗ್ಗೆ ಅರ್ಧ ಪುಟದ ಪತ್ರ ಬರೆಯುತ್ತಾನೆ. ಕಾಲೇಜು ಸೇರಿದವರು ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮುಂದೆ ಬೆಂಗಳೂರಿಗೋ ದೆಹಲಿಗೋ ಅರ್ಜಿ ಹಾಕುವಾಗ ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಆ ಪತ್ರದಲ್ಲಿ ಇರುವುದೆಲ್ಲ ಆಗಿಹೋದ ಮಾತು. ಅಪ್ಪ ಏನು ಕೆಲಸ ಮಾಡಿದರು, ಎಲ್ಲಿಯವರೆಗೆ ಮಾಡಿದರು, ನಾನು ಎಲ್ಲಿ ಓದಿದೆ, ಫೀ ಯಾರು ಕಟ್ಟಿದರು, ಯಾವಾಗ ನಿಂತಿತು. ಅಂದರೆ ಇಡೀ ಪತ್ರ ಭೂತಕಾಲದಲ್ಲಿದೆ. ಭೂತಕಾಲದ ವಾಕ್ಯದಲ್ಲಿ ಯಾವಾಗ, ಎಲ್ಲಿ, ಹೇಗೆ ಎಂದು ಹೇಳುವ ಮಾತುಗಳೇ ನಮ್ಮ ಮಕ್ಕಳಿಗೆ ಹೆಚ್ಚು ಕೈಕೊಡುತ್ತವೆ. ಶಾಲೆಯಲ್ಲಿ ಇವುಗಳಲ್ಲಿ ಕೆಲವನ್ನು ಆ್ಯಡ್‌ವರ್ಬ್ ಎನ್ನುತ್ತಾರೆ, ಕನ್ನಡದಲ್ಲಿ ಕ್ರಿಯಾವಿಶೇಷಣ. ಇನ್, ಆ್ಯಟ್, ಆನ್, ಫಾರ್, ಫ್ರಮ್ ಇವು ಪ್ರಿಪೊಸಿಷನ್‌ಗಳು. ಹೆಸರು ಮರೆತರೂ ಅಡ್ಡಿಯಿಲ್ಲ, ಕೆಲಸ ನೆನಪಿರಲಿ.

ಏಕೆ ಇದು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ. ಒಬ್ಬ ವಿದ್ಯಾರ್ಥಿನಿ ತನ್ನ ಪತ್ರದಲ್ಲಿ ಹೀಗೆ ಬರೆದಿದ್ದಳು:

ಮೈ ಬ್ರದರ್ ಪೇಯಿಂಗ್ ಮೈ ಫೀಸ್ ಫ್ರಮ್ ಟೂ ಇಯರ್ಸ್.

ಓದಿದವರು ಏನು ತಿಳಿದರು? ಎರಡು ವರ್ಷದಿಂದ ಅಣ್ಣ ಫೀ ಕಟ್ಟುತ್ತಿದ್ದಾನೆ, ಈಗಲೂ ಕಟ್ಟುತ್ತಿದ್ದಾನೆ, ಈ ಮನೆಗೆ ನೆರವಿನ ತುರ್ತು ಇಲ್ಲ. ಅರ್ಜಿ ಬದಿಗೆ ಹೋಯಿತು. ಪುಣ್ಯಕ್ಕೆ ಅದೇ ತಾಲ್ಲೂಕಿನ ಒಬ್ಬರು ಫೋನ್ ಮಾಡಿ ಕೇಳಿದರು. ಹುಡುಗಿ ಹೇಳಿದ ಮಾತು ಬೇರೆಯೇ ಇತ್ತು. ಅಣ್ಣ ಎರಡು ವರ್ಷ ಕಟ್ಟಿದ, ಆಮೇಲೆ ಅವನ ಕೆಲಸ ಹೋಯಿತು, ಈ ವರ್ಷ ಕಟ್ಟುವವರು ಯಾರೂ ಇಲ್ಲ. ಅವಳು ಬರೆಯಬೇಕಾಗಿದ್ದದ್ದು ಇಷ್ಟೆ:

ಮೈ ಬ್ರದರ್ ಪೇಯ್ಡ್ ಮೈ ಫೀಸ್ ಫಾರ್ ಟೂ ಇಯರ್ಸ್.

ಪೇಯ್ಡ್ ಎಂದರೆ ಕಟ್ಟಿದ, ಮುಗಿಯಿತು. ಫಾರ್ ಟೂ ಇಯರ್ಸ್ ಎಂದರೆ ಎರಡು ವರ್ಷದ ಅವಧಿ. ಎರಡು ಪದ ಬದಲಾದರೆ ಮನೆಯ ಸ್ಥಿತಿಯೇ ಬದಲಾಗುತ್ತದೆ. ಇಲ್ಲಿ ಫೋನ್ ಮಾಡುವವರು ಇದ್ದರು. ನೂರಾರು ಮೈಲಿ ದೂರದ ಕಚೇರಿಯಲ್ಲಿ ಸಾವಿರ ಅರ್ಜಿ ಮುಂದಿಟ್ಟುಕೊಂಡು ಕುಳಿತವರು ಫೋನ್ ಮಾಡುವುದಿಲ್ಲ. ಅವರಿಗೆ ನಿಮ್ಮ ಮನೆ ಗೊತ್ತಿಲ್ಲ, ನಿಮ್ಮ ಓಣಿ ಗೊತ್ತಿಲ್ಲ. ಅವರ ಕೈಯಲ್ಲಿರುವುದು ನಿಮ್ಮ ವಾಕ್ಯ ಮಾತ್ರ.

ಈಗ ವಿಷಯಕ್ಕೆ ಬರೋಣ.

ಕನ್ನಡದ ಕ್ರಿಯಾಪದ ಬಹಳ ಉದಾರಿ. ಹೋದೆ ಎಂದರೆ ನಾನು, ಹೋದಳು ಎಂದರೆ ಅವಳು, ಹೋದರು ಎಂದರೆ ಅವರು. ಒಂದೇ ಪದದಲ್ಲಿ ಕಾಲವೂ ಇದೆ, ಆಳೂ ಇದೆ. ಇಂಗ್ಲಿಷಿನ ವೆಂಟ್ ಎಂಬ ಪದ ಅಷ್ಟು ಹೇಳುವುದಿಲ್ಲ. ಐ ವೆಂಟ್, ಶೀ ವೆಂಟ್, ದೇ ವೆಂಟ್. ಹೋಗುವ ಕೆಲಸ ಮುಗಿದಿದೆ ಎಂದಷ್ಟೇ ಅದು ಹೇಳುತ್ತದೆ. ಉಳಿದದ್ದನ್ನೆಲ್ಲ ಬೇರೆ ಪದಗಳು ಹೊರಬೇಕು, ಅವು ತಮ್ಮ ತಮ್ಮ ಜಾಗದಲ್ಲಿ ನಿಲ್ಲಬೇಕು.

ಆ ಜಾಗ ಯಾವುದು? ನಾವು ಹೇಳುವುದು ಹೀಗೆ: ನಾನು ನಿನ್ನೆ ಸಿಂದಗಿಯಲ್ಲಿ ಪುಸ್ತಕ ಕೊಂಡೆ. ಮೊದಲು ಯಾವಾಗ, ಆಮೇಲೆ ಎಲ್ಲಿ, ಆಮೇಲೆ ಏನು, ಕೊನೆಗೆ ಕ್ರಿಯಾಪದ. ಮನೆಯಲ್ಲಿ ದಖ್ಖನಿ ಆಡುವವರ ಕ್ರಮವೂ ಇದೇ: ಮೈ ಕಲ್ ಸಿಂದಗಿ ಮೆ ಕಿತಾಬ್ ಲಿಯಾ. ಹೀಗಾಗಿ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ನಮ್ಮ ಮಕ್ಕಳಿಗೆ ಎರಡೂ ಕಡೆಯಿಂದ ಒಂದೇ ರೂಢಿ ಬಿದ್ದಿರುತ್ತದೆ. ಇಂಗ್ಲಿಷ್ ಇದನ್ನು ತಿರುಗಿಸಿ ಹೇಳುತ್ತದೆ:

ಐ ಬಾಟ್ ಎ ಬುಕ್ ಇನ್ ಸಿಂದಗಿ ಯೆಸ್ಟರ್‌ಡೇ.

ಯಾರು, ಮಾಡಿದ್ದು, ಏನನ್ನು, ಆಮೇಲೆ ಎಲ್ಲಿ, ಕೊನೆಗೆ ಯಾವಾಗ. ಹೇಗೆ ಎಂಬುದಿದ್ದರೆ ಅದು ಸಾಮಾನ್ಯವಾಗಿ ಎಲ್ಲಿ ಎಂಬುದಕ್ಕಿಂತ ಮೊದಲು ಬರುತ್ತದೆ. ಹೇಗೆ, ಎಲ್ಲಿ, ಯಾವಾಗ. ಈ ಮೂರನ್ನು ಇದೇ ಸಾಲಿನಲ್ಲಿ ನೆನಪಿಡಿ:

ಮೈ ಮದರ್ ವರ್ಕ್‌ಡ್ ಕ್ವಾಯೆಟ್ಲಿ ಅಟ್ ಹೋಮ್ ಎವ್ರಿ ನೈಟ್.

ಅಮ್ಮ ಪ್ರತಿ ರಾತ್ರಿ ಮನೆಯಲ್ಲಿ ಸದ್ದಿಲ್ಲದೆ ದುಡಿದಳು. ಯಾರು ಎಂಬುದನ್ನು ಮೊದಲಿಗೇ ಬಿಟ್ಟು, ಉಳಿದ ಕನ್ನಡ ವಾಕ್ಯವನ್ನು ಹಿಂದಿನಿಂದ ಓದಿದರೆ ಇಂಗ್ಲಿಷ್ ವಾಕ್ಯದ ಸಾಲು ಸಿಗುತ್ತದೆ. ಹೋಗು, ಬರು ಎಂಬ ಕ್ರಿಯಾಪದ ಇದ್ದಾಗ ಮಾತ್ರ ಎಲ್ಲಿಗೆ ಎಂಬುದು ಮೊದಲು ಬರುತ್ತದೆ: ಶೀ ವೆಂಟ್ ಟು ಮುದ್ದೇಬಿಹಾಳ ಬೈ ಬಸ್ ಆನ್ ಮಂಡೇ. ಯಾವಾಗ ಎಂಬುದಕ್ಕೆ ಒತ್ತು ಕೊಡಬೇಕಿದ್ದರೆ ಅದನ್ನು ವಾಕ್ಯದ ತಲೆಗೆ ತಂದು ಇಡಬಹುದು. ಆದರೆ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ತುರುಕಬಾರದು. ಐ ಬಾಟ್ ಯೆಸ್ಟರ್‌ಡೇ ಎ ಬುಕ್ ಎಂದರೆ ಇಂಗ್ಲಿಷ್ ಕಿವಿಗೆ ಎಡವಿದಂತೆ ಕೇಳುತ್ತದೆ.

ಜಾಗದ ಈ ಪ್ರಶ್ನೆ ಬರೀ ಚಂದದ ಪ್ರಶ್ನೆಯಲ್ಲ. ಈ ವಾಕ್ಯ ಕೇಳಿ: ಮೈ ಅಂಕಲ್ ಪ್ರಾಮಿಸ್ಡ್ ಟು ಪೇ ದಿ ಫೀಸ್ ಇನ್ ಮಾರ್ಚ್. ಕಾಕಾ ಮಾರ್ಚ್‌ನಲ್ಲಿ ಮಾತು ಕೊಟ್ಟರೋ, ಮಾರ್ಚ್‌ನಲ್ಲಿ ಕಟ್ಟುತ್ತೇನೆ ಎಂದರೋ? ಎರಡೂ ಅರ್ಥ ಬರುತ್ತದೆ. ಇನ್ ಮಾರ್ಚ್ ಎಂಬುದನ್ನು ವಾಕ್ಯದ ಮೊದಲಿಗೆ ತಂದರೆ ಮಾತು ಕೊಟ್ಟದ್ದು ಮಾರ್ಚ್‌ನಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಇನ್ನು ಪ್ರಿಪೊಸಿಷನ್. ಕನ್ನಡ ಮಾಧ್ಯಮದ ಮಕ್ಕಳು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿರುತ್ತಾರೆ: ಉ, ಅನ್ನು, ಇಂದ, ಗೆ, ಅಲ್ಲಿ. ನಮ್ಮಲ್ಲಿ ಇವು ಪದದ ಬಾಲಕ್ಕೆ ಅಂಟುತ್ತವೆ. ಉರ್ದುವಿನ ಮೆ, ಸೆ, ಕೋ ಕೂಡ ಪದದ ಹಿಂದೆಯೇ ಬರುತ್ತವೆ. ಇಂಗ್ಲಿಷಿನಲ್ಲಿ ಅದೇ ಕೆಲಸದ ಪದ ಮುಂದೆ ನಿಲ್ಲುತ್ತದೆ. ಅಷ್ಟೇ ಆಗಿದ್ದರೆ ಸುಲಭವಿತ್ತು. ತೊಡಕು ಏನೆಂದರೆ, ನಮ್ಮ ಒಂದು ಪ್ರತ್ಯಯಕ್ಕೆ ಅವರ ನಾಲ್ಕೈದು ಪದ.

ಅಲ್ಲಿ ಎಂಬುದನ್ನೇ ನೋಡಿ. ಇಂಡಿಯಲ್ಲಿ ಎಂದರೆ ಇನ್ ಇಂಡಿ. ಬಸ್ ನಿಲ್ದಾಣದಲ್ಲಿ ಎಂದರೆ ಅಟ್ ದಿ ಬಸ್ ಸ್ಟ್ಯಾಂಡ್. ಬಸ್ಸಿನಲ್ಲಿ ಕುಳಿತಿದ್ದರೆ ಆನ್ ದಿ ಬಸ್. ಜೂನ್‌ನಲ್ಲಿ ಎಂದರೆ ಇನ್ ಜೂನ್. ಗೆ ಎಂಬುದೂ ಹಾಗೆಯೇ. ಇಂಡಿಗೆ ಹೋದೆ, ಟು ಇಂಡಿ. ಐದು ಗಂಟೆಗೆ ಹೋದೆ, ಅಟ್ ಫೈವ್. ತಂಗಿಗೆ ಪುಸ್ತಕ ಕೊಂಡೆ, ಫಾರ್ ಮೈ ಸಿಸ್ಟರ್. ಮನೆಗೆ ಹೋದೆ ಎನ್ನುವಾಗ ಏನೂ ಬೇಡ, ಐ ವೆಂಟ್ ಹೋಮ್. ಇಂದ ಅಂತೂ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಬಸ್ಸಿನಿಂದ ಬಿದ್ದೆ, ಫ್ರಮ್. ಪೆನ್ನಿನಿಂದ ಬರೆದೆ, ವಿತ್. ಜ್ವರದಿಂದ ಶಾಲೆ ತಪ್ಪಿತು, ಬಿಕಾಸ್ ಆಫ್. ಎರಡು ವರ್ಷದಿಂದ, ಫಾರ್. 2021ರಿಂದ, ಸಿನ್ಸ್. ಮಗು ಇಂದ ಎಂದರೆ ಫ್ರಮ್ ಎಂದು ಒಂದೇ ಜೋಡಿ ಕಲಿತಿದ್ದರೆ ಐದರಲ್ಲಿ ನಾಲ್ಕು ಕಡೆ ತಪ್ಪುತ್ತದೆ.

ಇಸವಿ, ತಿಂಗಳು ಇದ್ದರೆ ಇನ್. ದಿನ, ತಾರೀಖು ಇದ್ದರೆ ಆನ್. ಗಡಿಯಾರದ ಹೊತ್ತು ಇದ್ದರೆ ಅಟ್. ಇದನ್ನು ನಮ್ಮ ಜಿಲ್ಲೆಯ ಸಂಗತಿಗಳಿಂದಲೇ ಕಲಿಯಬಹುದು. ಹಿಂದೆ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯ ಅಣೆಕಟ್ಟನ್ನು ತೆಗೆದುಕೊಳ್ಳಿ:

ಲಾಲ್ ಬಹಾದ್ದೂರ್ ಶಾಸ್ತ್ರಿ ಲೇಯ್ಡ್ ದಿ ಫೌಂಡೇಶನ್ ಸ್ಟೋನ್ ಅಟ್ ಆಲಮಟ್ಟಿ ಆನ್ 22 ಮೇ 1964.

ಮಾಡಿದ್ದು ಏನು, ಎಲ್ಲಿ, ಯಾವಾಗ, ಎಲ್ಲವೂ ಸಾಲಾಗಿ ನಿಂತಿವೆ. ಇಸವಿಯನ್ನಷ್ಟೇ ಹೇಳುವುದಾದರೆ ಇನ್ 1964. ಗೋಲ ಗುಂಬಜ್ ಯಾರ ಸಮಾಧಿಯೋ ಆ ಮುಹಮ್ಮದ್ ಆದಿಲ್ ಶಾಹನನ್ನು ನೋಡಿ. ಹೀ ರೂಲ್ಡ್ ಫ್ರಮ್ 1627 ಟು 1656, ಆರಂಭ ಮತ್ತು ಕೊನೆ. ಹೀ ರೂಲ್ಡ್ ಫಾರ್ ಟ್ವೆಂಟಿನೈನ್ ಇಯರ್ಸ್, ಅವಧಿ. ಹೀ ಡೈಡ್ ಇನ್ 1656, ಒಂದು ಇಸವಿ. ಒಬ್ಬನೇ ಅರಸನ ಮೇಲೆ ಮೂರು ಪಾಠ.

ತಾಳಿಕೋಟೆ ಕಾಳಗ ಎಲ್ಲರಿಗೂ ಗೊತ್ತು, 1565ರದ್ದು. ತಾಳಿಕೋಟೆ ಬಹುಕಾಲ ಮುದ್ದೇಬಿಹಾಳ ತಾಲ್ಲೂಕಿನಲ್ಲೇ ಇತ್ತು. ಸುಲ್ತಾನರ ಸೇನೆಗಳು ತಾಳಿಕೋಟೆಯಲ್ಲಿ ಸೇರಿದವು, ಯುದ್ಧ ನಡೆದದ್ದು ಕೃಷ್ಣೆ ದಾಟಿದ ಮೇಲೆ, ಹೊಳೆಯ ದಕ್ಷಿಣಕ್ಕೆ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ದಿ ಆರ್ಮೀಸ್ ಗ್ಯಾದರ್ಡ್ ಅಟ್ ತಾಳಿಕೋಟೆ ಅಂಡ್ ಫಾಟ್ ಸೌತ್ ಆಫ್ ದಿ ಕೃಷ್ಣಾ. ಅಟ್ ಎಂಬ ಎರಡಕ್ಷರದ ಪದ ತಪ್ಪಾದ ಕ್ರಿಯಾಪದದ ಪಕ್ಕ ಕುಳಿತರೆ ರಣರಂಗವೇ ಹೊಳೆ ದಾಟಿ ಈಚೆ ಬಂದುಬಿಡುತ್ತದೆ.

ಈಗ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ನಾಲ್ಕು ತಪ್ಪು ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳಿ.

ಮೊದಲನೆಯದು, ಬಿಫೋರ್ ಫೈವ್ ಇಯರ್ಸ್. ಐದು ವರ್ಷದ ಹಿಂದೆ ತಂದೆ ತೀರಿಕೊಂಡರು ಎನ್ನಲು ಮೈ ಫಾದರ್ ಎಕ್ಸ್‌ಪೈರ್ಡ್ ಬಿಫೋರ್ ಫೈವ್ ಇಯರ್ಸ್ ಎಂದು ಬರೆಯುತ್ತಾರೆ. ಹಿಂದೆ ಎಂದರೆ ಬಿಫೋರ್ ಎಂದು ಕಲಿತದ್ದರ ಫಲ ಇದು. ಇಂದಿನಿಂದ ಹಿಂದಕ್ಕೆ ಎಣಿಸುವಾಗ ಎಗೋ ಬರಬೇಕು, ಅದೂ ಕನ್ನಡದ ಹಾಗೆ ಲೆಕ್ಕದ ಹಿಂದೆಯೇ: ಮೈ ಫಾದರ್ ಡೈಡ್ ಫೈವ್ ಇಯರ್ಸ್ ಎಗೋ. ಮನುಷ್ಯರಿಗೆ ಡೈಡ್ ಎನ್ನುವುದೇ ಗೌರವದ ನೇರ ಮಾತು. ಎಕ್ಸ್‌ಪೈರ್ಡ್ ಎಂಬುದು ಔಷಧದ ಬಾಟಲಿಗೆ ಇರಲಿ. ಇಸವಿ ಗೊತ್ತಿದ್ದರೆ ಇಸವಿಯನ್ನೇ ಬರೆಯಿರಿ, ಇನ್ನೂ ಒಳ್ಳೆಯದು. ಮರಣ ಪ್ರಮಾಣಪತ್ರದ ಜೊತೆ ಹೋಲಿಸಿ ನೋಡುವವರಿಗೆ ಅನುಮಾನ ಉಳಿಯುವುದಿಲ್ಲ.

ಎರಡನೆಯದು, ಹ್ಯಾಡ್. ನಾವು ನಿನ್ನೆ ಹೋಗಿದ್ದೆ ಎನ್ನುತ್ತೇವೆ, ದಖ್ಖನಿಯಲ್ಲಿ ಗಯಾ ಥಾ. ಆ ಇದ್ದೆ, ಥಾ ಕೇಳಿ ಮಕ್ಕಳು ಐ ಹ್ಯಾಡ್ ಗಾನ್ ಯೆಸ್ಟರ್‌ಡೇ ಎಂದು ಬರೆಯುತ್ತಾರೆ. ಇಂಗ್ಲಿಷಿಗೆ ಐ ವೆಂಟ್ ಯೆಸ್ಟರ್‌ಡೇ ಸಾಕು. ಹ್ಯಾಡ್ ಬೇಕಾಗುವುದು ಆಗಿಹೋದ ಎರಡು ಸಂಗತಿಗಳಲ್ಲಿ ಮೊದಲು ಆದದ್ದನ್ನು ತೋರಿಸಲು: ವೆನ್ ದಿ ಕಾಲೇಜ್ ಓಪನ್ಡ್, ಮೈ ಫಾದರ್ ಹ್ಯಾಡ್ ಲಾಸ್ಟ್ ಹಿಸ್ ಜಾಬ್. ಕಾಲೇಜು ತೆರೆಯುವ ಮೊದಲೇ ಕೆಲಸ ಹೋಗಿತ್ತು. ಹಾಗೆಯೇ ಹ್ಯಾವ್ ಮತ್ತು ಯೆಸ್ಟರ್‌ಡೇ ಒಟ್ಟಿಗೆ ಕೂಡುವುದಿಲ್ಲ. ನಿನ್ನೆ, ಕಳೆದ ವರ್ಷ, 2022ರಲ್ಲಿ ಎಂದು ಮುಗಿದ ಕಾಲವನ್ನು ಹೆಸರಿಸಿದ ಮೇಲೆ ಸಾದಾ ಭೂತಕಾಲವೇ ಬರಬೇಕು.

ಮೂರನೆಯದು, ಅಂಟಿಲ್. ಅಪ್ಪ ಮಾರ್ಚ್‌ವರೆಗೆ ದುಡಿದರು ಎನ್ನಲು ವರ್ಕ್‌ಡ್ ಅಂಟಿಲ್ ಮಾರ್ಚ್. ಬೈ ಮಾರ್ಚ್ ಎಂದರೆ ಮಾರ್ಚ್ ಹೊತ್ತಿಗೆ ಒಂದು ಕೆಲಸ ಮುಗಿದಿತ್ತು ಎಂದು. ಒಂದು ಪದ ಎಷ್ಟು ದಿನ ನಡೆಯಿತು ಎನ್ನುತ್ತದೆ, ಇನ್ನೊಂದು ಯಾವಾಗಿನೊಳಗೆ ಮುಗಿಯಿತು ಎನ್ನುತ್ತದೆ.

ನಾಲ್ಕನೆಯದು, ಓನ್ಲಿ ಮತ್ತು ಆಲ್‌ಮೋಸ್ಟ್. ಇವು ತಮ್ಮ ಪಕ್ಕದ ಪದವನ್ನು ಹಿಡಿಯುತ್ತವೆ. ಹೀ ಪೇಯ್ಡ್ ಆಲ್‌ಮೋಸ್ಟ್ ಆಲ್ ದಿ ಫೀಸ್ ಎಂದರೆ ಬಹುತೇಕ ಫೀ ಕಟ್ಟಿದ. ಹೀ ಆಲ್‌ಮೋಸ್ಟ್ ಪೇಯ್ಡ್ ಆಲ್ ದಿ ಫೀಸ್ ಎಂದರೆ ಕಟ್ಟುವುದರಲ್ಲಿದ್ದ, ಕಟ್ಟಲಿಲ್ಲ ಎಂಬ ಅರ್ಥ ಹೊರಡುತ್ತದೆ. ಶೀ ವರ್ಕ್‌ಡ್ ಫಾರ್ ಓನ್ಲಿ ಸಿಕ್ಸ್ ಮಂತ್ಸ್ ಎಂದರೆ ಆರೇ ತಿಂಗಳು. ಓನ್ಲಿ ಶೀ ವರ್ಕ್‌ಡ್ ಎಂದರೆ ಮನೆಯಲ್ಲಿ ದುಡಿದವಳು ಅವಳೊಬ್ಬಳೇ. ಎರಡೂ ನಿಜವಿರಬಹುದು, ಆದರೆ ಎರಡೂ ಬೇರೆ ಬೇರೆ ನಿಜ. ನಮ್ಮ ಕನ್ನಡದ ಏ ಕೂಡ ಹೀಗೆಯೇ. ಅಮ್ಮನೇ ದುಡಿದಳು, ಅಮ್ಮ ಆರೇ ತಿಂಗಳು ದುಡಿದಳು. ಏ ಎಲ್ಲಿ ಅಂಟುತ್ತದೆ ಎಂದು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ಓನ್ಲಿ ಎಲ್ಲಿ ಇಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಇನ್ನೊಂದು ಮಾತು. ಟೈಪಿಂಗ್ ಅಂಗಡಿಯಲ್ಲಿ ಬರೆಸಿದ ಪತ್ರಗಳು ಹೆಚ್ಚಾಗಿ ಒಂದೇ ಅಚ್ಚಿನವು. ಅವುಗಳಲ್ಲಿ ಕೈಂಡ್ಲಿ, ಹಂಬ್ಲಿ, ವೆರಿ ವೆರಿ ಪೂವರ್ ಇವು ತುಂಬಿರುತ್ತವೆ. ಪೂವರ್ ಒಂದನ್ನು ಬಿಟ್ಟರೆ ಇವೂ ಕ್ರಿಯಾವಿಶೇಷಣದ ಜಾತಿಯವೇ, ಆದರೆ ಹತ್ತು ಪತ್ರಗಳಲ್ಲಿ ಹತ್ತಕ್ಕೂ ಇದ್ದರೆ ಓದುವವರ ಕಣ್ಣು ಅವುಗಳ ಮೇಲೆ ನಿಲ್ಲುವುದಿಲ್ಲ. ವೆರಿ ಪೂವರ್ ಎಂದು ಯಾರೂ ಬರೆಯಬಹುದು. ಈ ವಾಕ್ಯವನ್ನು ಮಾತ್ರ ಆ ಮನೆಯ ಮಗು ಒಂದೇ ಬರೆಯಬಲ್ಲದು:

ಇನ್ 2023 ದಿ ರೇನ್ಸ್ ಫೇಲ್ಡ್, ಅಂಡ್ ಮೈ ಪೇರೆಂಟ್ಸ್ ವರ್ಕ್‌ಡ್ ಇನ್ ಎ ಬ್ರಿಕ್ ಕಿಲ್ನ್ ನಿಯರ್ ಪುಣೆ ಫಾರ್ ಫೈವ್ ಮಂತ್ಸ್.

2023ರಲ್ಲಿ ಮಳೆ ಕೈಕೊಟ್ಟಿತು, ತಂದೆತಾಯಿ ಪುಣೆ ಹತ್ತಿರ ಇಟ್ಟಿಗೆ ಭಟ್ಟಿಯಲ್ಲಿ ಐದು ತಿಂಗಳು ದುಡಿದರು. ಬಡವರು ಎಂಬ ಪದವೇ ಇಲ್ಲ. ಆದರೂ ಗುಳೆ ಹೋದ ಮನೆ ಕಣ್ಣಿಗೆ ಕಾಣುತ್ತದೆ. ಕೈ ಚಾಚಿದ ಭಾವವೂ ಇಲ್ಲ, ತಲೆ ಎತ್ತಿ ಹೇಳಿದ ಮಾತು. ಯಾವಾಗ, ಎಲ್ಲಿ, ಎಷ್ಟು ಕಾಲ ಎಂಬ ಮೂರು ಸಣ್ಣ ತುಣುಕುಗಳು ಈ ಕೆಲಸ ಮಾಡಿವೆ.

ದಾನಿಗಳಿಗೂ ಇದರಲ್ಲಿ ಒಂದು ಮಾತಿದೆ. ನಿಮ್ಮ ಕೈಗೆ ಬರುವ ವರದಿಯಲ್ಲಿ ಆಡಿಟರ್ ಸಹಿ ಮಾಡಿದ ಪುಟಗಳಿರುತ್ತವೆ. ಲೆಕ್ಕಪತ್ರಗಳ ರೂಢಿಯಂತೆ ಬ್ಯಾಲೆನ್ಸ್ ಶೀಟಿನ ತಲೆಯ ಮೇಲೆ ಆ್ಯಸ್ ಅಟ್ 31 ಮಾರ್ಚ್ ಎಂದಿರುತ್ತದೆ. ಆದಾಯ ಮತ್ತು ಖರ್ಚಿನ ಪುಟದ ಮೇಲೆ ಫಾರ್ ದಿ ಇಯರ್ ಎಂಡೆಡ್ 31 ಮಾರ್ಚ್ ಎಂದಿರುತ್ತದೆ. ತಾರೀಖು ಒಂದೇ, ಪ್ರಿಪೊಸಿಷನ್ ಬೇರೆ. ಅಟ್ ಎಂದರೆ ಆ ದಿನ ಪೆಟ್ಟಿಗೆಯಲ್ಲಿ ಎಷ್ಟಿತ್ತು ಎಂದು. ಫಾರ್ ಎಂದರೆ ವರ್ಷವಿಡೀ ಎಷ್ಟು ಬಂತು, ಎಷ್ಟು ಹೋಯಿತು ಎಂದು. ನೀವು ಕೊಟ್ಟ ಹಣದ ಲೆಕ್ಕ ಈ ಎರಡು ಪದಗಳ ಮೇಲೆ ನಿಂತಿದೆ. ಟ್ರಸ್ಟಿನಿಂದ ನಾವು ಕೇಳುವ ಸ್ಪಷ್ಟತೆಯನ್ನೇ ಮಕ್ಕಳ ಪತ್ರದಿಂದಲೂ ಕೇಳುತ್ತಿದ್ದೇವೆ. ಆ ಸ್ಪಷ್ಟತೆ ಬರಲು ಅವರಿಗೆ ಕಲಿಸುವವರೂ ಬೇಕು. ಫೀ ಕಟ್ಟುವುದರ ಜೊತೆಗೆ, ನಿಮ್ಮ ಊರಿನ ಓದಿದ ಒಬ್ಬರು ವಾರಕ್ಕೊಂದು ಸಂಜೆ ಹತ್ತು ಮಕ್ಕಳ ಜೊತೆ ಕುಳಿತು ಬರೆಸಿದರೆ ಅದೂ ದೊಡ್ಡ ನೆರವು.

ಪಾಲಕರು ಮಾಡಬೇಕಾದದ್ದು ಇಷ್ಟೆ. ಪತ್ರ ಬರೆಯುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಮನೆಯ ಸಂಗತಿ ನಿಮ್ಮ ಭಾಷೆಯಲ್ಲೇ ಹೇಳಿ. ಯಾವ ವರ್ಷ, ಯಾವ ಊರು, ಎಷ್ಟು ತಿಂಗಳು, ಯಾರು ಕಟ್ಟಿದರು. ಇದಕ್ಕೆ ಇಂಗ್ಲಿಷ್ ಬೇಕಿಲ್ಲ, ಆದರೆ ಇದಿಲ್ಲದೆ ಇಂಗ್ಲಿಷ್ ಬರೆಯಲಾಗುವುದಿಲ್ಲ. ಮಕ್ಕಳೆ, ನೀವು ಆ ಸಂಗತಿಗಳನ್ನು ಒಂದೊಂದು ವಾಕ್ಯಕ್ಕೆ ಒಂದರಂತೆ ಬರೆಯಿರಿ. ಯಾರು, ಮಾಡಿದ್ದು, ಏನನ್ನು, ಹೇಗೆ, ಎಲ್ಲಿ, ಯಾವಾಗ. ಬರೆದ ಮೇಲೆ ಒಂದೊಂದೇ ವಾಕ್ಯವನ್ನು ಮತ್ತೆ ಕನ್ನಡಕ್ಕೋ ಉರ್ದುವಿಗೋ ತಿರುಗಿಸಿ ಅಮ್ಮನಿಗೆ ಓದಿ ಹೇಳಿ. ಹೌದು, ಆದದ್ದು ಹೀಗೆಯೇ ಎಂದು ಅವಳು ಹೇಳಿದರೆ ವಾಕ್ಯ ಸರಿ. ಹಾಗಲ್ಲ, ಅಣ್ಣ ಈಗ ಕಟ್ಟುತ್ತಿಲ್ಲ ಎಂದು ಅವಳು ತಡೆದರೆ ಅಲ್ಲಿಯೇ ತಿದ್ದಿ. ನಿಮ್ಮ ಪತ್ರಕ್ಕೆ ಅವಳಿಗಿಂತ ಒಳ್ಳೆಯ ಪರೀಕ್ಷಕರು ಸಿಗುವುದಿಲ್ಲ.

ಈ ವರ್ಷ ವಿದ್ಯಾರ್ಥಿವೇತನ ಪಡೆದ ಎಲ್ಲ ಮಕ್ಕಳಿಗೂ ಅಭಿನಂದನೆ. ಮುಂದಿನ ವರ್ಷದ ಅರ್ಜಿಯಲ್ಲಿ ನಿಮ್ಮ ತಮ್ಮ ತಂಗಿಯರ ಪತ್ರಗಳನ್ನು ಓದಲು ಕಾಯುತ್ತಿರುತ್ತೇನೆ.